ಚಂದ್ರನಿಗೆ ಬಿದ್ದ ಹೊಡೆತಕ್ಕೆ ವಯಸ್ಸು ಕಟ್ಟುವ ಮುನ್ನ

ಮೈಸೂರಿನ ಚಾಮುಂಡಿ ಬೆಟ್ಟದ ಗ್ರಾನೈಟ್‌ಗೆ ಸುಮಾರು 80 ಕೋಟಿ ವರ್ಷ. ಶಿಲಾರಸ ತಣಿದ ಹೊತ್ತಿಗೇ ಅದರ ಜಿರ್ಕಾನ್ (ಒಳಗಿನ ಯುರೇನಿಯಂ ಸೀಸವಾಗುತ್ತ ಹೋದಂತೆ ವಯಸ್ಸು ಹೇಳುವ ಹರಳು) ಹುಟ್ಟಿತು ಎಂದು ತೋರಿಸಿಬಿಟ್ಟರೆ ಅಲ್ಲಿ ಕೆಲಸ ಬಹುಪಾಲು ಮುಗಿಯಿತು. ಚಂದ್ರನ ಬ್ರೆಕ್ಸಿಯಾದಲ್ಲಿ ಹಾಗಲ್ಲ. ಹಲವು ಅಪ್ಪಳಿಕೆಗಳಲ್ಲಿ ಒಡೆದ ಚೂರುಗಳು ಮತ್ತೆ ಬೆಸೆದುಕೊಂಡ ಕಲ್ಲು ಅದು. ಅಪೊಲೊ 17ರ ಯಾತ್ರಿಗಳು ತಂದ 72215 ಸಂಖ್ಯೆಯ ಕಲ್ಲಿನಲ್ಲಿ 441.7 ಕೋಟಿ ವರ್ಷದ ಜಿರ್ಕಾನ್ ಇದೆ. ಕಲ್ಲನ್ನು ಬೆಸೆದ ಹೊಡೆತ ಅದಕ್ಕಿಂತ ಎಷ್ಟೋ ಈಚಿನದು.

ಆದ್ದರಿಂದ ಮೊದಲು ಹರಳಿನ ಚಹರೆ, ಆಮೇಲೆ ಅಂಕಿ. ನಮ್ಮ ಪಟ್ಟೆಪಟ್ಟೆಯ ಗ್ನೈಸ್ ಶಿಲೆಗಳಿಗೆ ಮಾಡುವಂತೆ ಕುಟ್ಟಿ ಜರಡಿ ಹಿಡಿದರೆ ಹರಳು ಸಿಗುತ್ತದೆ, ಅದರ ನೆರೆಹೊರೆ ಕಳೆದುಹೋಗುತ್ತದೆ. ತೆಳುವಾಗಿ ಉಜ್ಜಿದ ಸೆಕ್ಷನ್‌ನಲ್ಲೇ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಹಾಯಿಸಿ, ಜಿರ್ಕೋನಿಯಂ ಮತ್ತು ರಂಜಕ ಇರುವ ಚುಕ್ಕಿಗಳನ್ನು ಹುಡುಕಬೇಕು. ಕರಗಿ ಗಟ್ಟಿಯಾದ ಭಾಗದಲ್ಲಿ ಹೊಸದಾಗಿ ಬೆಳೆದ ಜಿರ್ಕಾನ್ ಸಿಕ್ಕಿದರೆ ಅದೃಷ್ಟ. ಹಳೆಯ ಹರಳು ಪುಟಾಣಿ ಕಣಗಳಾಗಿ ಮರುಹುಟ್ಟು ಪಡೆದಿದ್ದರೂ ಸರಿ. ಬರೀ ಸಮಾನಾಂತರ ಬಿರುಕು ಕಂಡರೆ ಹೊಡೆತ ಬಿದ್ದದ್ದು ನಿಜ, ಆದರೆ ಸೀಸ ಹೊರಹೋಗಿ ವಯಸ್ಸಿನ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಯಿತು ಎನ್ನಲು ಅದು ಸಾಲದು.

ಅಳತೆಗೆ ಅಯಾನು (ವಿದ್ಯುದಾವೇಶವುಳ್ಳ ಪರಮಾಣು) ಕಿರಣ; ಅದು ಹರಳಿನಲ್ಲಿ ಕೆತ್ತುವ ಚುಕ್ಕಿಯ ಅಗಲ 10–20 ಮೈಕ್ರಾನ್, ಅಲ್ಲಿಂದ ಎದ್ದ ಪರಮಾಣುಗಳನ್ನು ಎಣಿಸುತ್ತಾರೆ. ಎಣಿಕೆಗೆ ಮುಂಚೆ ಕೆಲವು ನಿಮಿಷ ಕಿರಣವನ್ನು ಮೇಲ್ಮೈ ಮೇಲೆ ಆಡಿಸಿ ಚಿನ್ನದ ಲೇಪನವನ್ನೂ ಅದರಡಿಯ ಕೊಳೆಯನ್ನೂ ಕೆತ್ತಿ ತೆಗೆಯಬೇಕು. ಪಾಲಿಶ್ ಮಾಡುವಾಗ ಅಂಟಿದ ಭೂಮಿಯ ಸೀಸ ಅಲ್ಲಿರುತ್ತದೆ. ಸೀಸ-204 ಯುರೇನಿಯಂನಿಂದ ಹುಟ್ಟುವುದಿಲ್ಲ, ಹಾಗಾಗಿ ಅದರ ಎಣಿಕೆ ಏರಿತೆಂದರೆ ಕಲಬೆರಕೆ ಇದೆ ಎಂದರ್ಥ.

ನಿಜವಾದ ಬಲೆ ಇರುವುದು ಲೆಕ್ಕದಲ್ಲಿ. ಯುರೇನಿಯಂ-238ರ ಅರ್ಧಾಯುಷ್ಯ 447 ಕೋಟಿ ವರ್ಷ, 235ರದ್ದು 70.4 ಕೋಟಿ. ಬೇರೆಬೇರೆ ವೇಗದಲ್ಲಿ ಸೀಸವಾಗುವ ಈ ಎರಡು ಗಡಿಯಾರಗಳೂ ಒಂದೇ ಕಾಲ ಹೇಳಿದರೆ ನಂಬುವುದು ರೂಢಿ. 433 ಕೋಟಿ ವರ್ಷದ ಜಿರ್ಕಾನ್ 392 ಕೋಟಿ ವರ್ಷದ ಹಿಂದೆ ತನ್ನ ಅರ್ಧ ಸೀಸ ಕಳೆದುಕೊಂಡಿತು ಎನ್ನಿ. ಇಂದು ಮೊದಲ ಗಡಿಯಾರ ಸುಮಾರು 413 ಕೋಟಿ ಎನ್ನುತ್ತದೆ, ಎರಡನೆಯದು 414.5 ಕೋಟಿ. ವ್ಯತ್ಯಾಸ ಅರ್ಧ ಶೇಕಡಕ್ಕೂ ಕಡಿಮೆ, ಅಳತೆಯ ದೋಷದಲ್ಲೇ ಮುಚ್ಚಿಹೋಗುತ್ತದೆ. ನಡೆಯದೇ ಇದ್ದ ಅಪ್ಪಳಿಕೆಯೊಂದು ಹೀಗೆ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ! ಒಂದೇ ಹರಳಿನಲ್ಲಿ ಹಲವು ಚುಕ್ಕಿ ಅಳೆದು, ಮರುಹುಟ್ಟಿನ ಅಂಚು ಮತ್ತು ಹಳೆಯ ನಡುಭಾಗಗಳನ್ನು ಬೇರೆಬೇರೆಯಾಗಿ ನೋಡದೆ ಬೇರೆ ದಾರಿಯಿಲ್ಲ.

ರಂಜಕದ ಚುಕ್ಕಿಗಳಾಗಿ ಸಿಕ್ಕ ಖನಿಜಗಳಾದ ಅಪಟೈಟ್, ಮೆರಿಲೈಟ್ ಇಲ್ಲಿ ನೆರವಿಗೆ ಬರುತ್ತವೆ. ಜಿರ್ಕಾನ್ ಜಪ್ಪಯ್ಯ ಎನ್ನದ ಬಿಸಿಯಲ್ಲೂ ಇವು ಸೀಸ ಬಿಟ್ಟುಕೊಡುತ್ತವೆ. ಅಪಟೈಟ್‌ಗೆ ಸುಮಾರು 500 ಡಿಗ್ರಿ ಸೆಲ್ಸಿಯಸ್ ಸಾಕು. ಅಪೊಲೊ 14ರ ಬ್ರೆಕ್ಸಿಯಾಗಳಲ್ಲಿ ಇವು ಕೊಡುವ ವಯಸ್ಸು 392–393 ಕೋಟಿ. ಅದು ಚಂದ್ರನ ಮೇಲಿನ ಭಾರೀ ಅಪ್ಪಳಿಕೆಯ ಕುಳಿಯಾದ ಇಂಬ್ರಿಯಂ ಬೋಗುಣಿಯದ್ದೇ ಎಂದು ಹೆಚ್ಚಿನವರು ಓದುತ್ತಾರೆ. 1974ರಲ್ಲಿ ಮಂಡಿಸಿದ ‘ಆ ಕಾಲದಲ್ಲೇ ಹೊಡೆತಗಳ ಸುರಿಮಳೆ’ ಎಂಬ ವಾದ ಮಾತ್ರ ನನಗೆ ಅಷ್ಟು ಒಪ್ಪಿಗೆಯಿಲ್ಲ. ಅಪೊಲೊದ ಆರೂ ಇಳಿದಾಣಗಳು ಭೂಮಿಗೆ ಕಾಣುವ ಮುಖದಲ್ಲಿವೆ, ಇಂಬ್ರಿಯಂ ಎರಚಿದ ಕಲ್ಲುಮಣ್ಣು ಅಲ್ಲೆಲ್ಲ ಬೆರೆತಿರಬಹುದು.

ಈ ಅನುಮಾನ ಪರೀಕ್ಷಿಸಲು ಉಲ್ಕಾಶಿಲೆ ಬೇಕು, ಅದು ಚಂದ್ರನ ಯಾವ ಮೂಲೆಯಿಂದಲಾದರೂ ಸಿಡಿದು ಬಂದಿರಬಹುದು. ಎಲ್ಲಿಂದ ಎಂಬ ವಿಳಾಸ ಮಾತ್ರ ಇರುವುದಿಲ್ಲ. ಒಮಾನ್ ಮರುಭೂಮಿಯಲ್ಲಿ 2002ರಲ್ಲಿ ಸಿಕ್ಕ ಸಯ್ಹ್ ಅಲ್ ಉಹೈಮಿರ್ 169 ಕೂಡ ಮತ್ತೆ 392 ಕೋಟಿಯನ್ನೇ ಕೊಟ್ಟಿತು. ಮರಳುಗಾಡಿನ ಕಲ್ಲಿನ ಬಿರುಕುಗಳಲ್ಲಿ ಭೂಮಿಯ ಕ್ಯಾಲ್ಸೈಟ್ ಸೇರಿಕೊಂಡಿರುತ್ತದೆ. ಚುಕ್ಕಿ ಇಡುವಾಗ ಬಿರುಕಿನಿಂದ ದೂರವಿರಿ, ಸೀಸ-204ರ ಎಣಿಕೆಯ ಕಾಲ ಹೆಚ್ಚಿಸಿ.