ಬ್ರೇಕ್ ಎನ್ನುವವರಿಲ್ಲದ ಕಣ

ಬಾಕ್ಸಿಂಗ್ ಕಲಿಸುವವರನ್ನು ಈಗಿನ ಹುಡುಗರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಬಾಕ್ಸಿಂಗ್ ಚಾಂಪಿಯನ್ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲವೂ ಸಲ್ಲುವ ಮಿಶ್ರ ಸಮರ ಕಲೆ) ಪಂಜರಕ್ಕೆ ಇಳಿದರೆ ಗೆಲ್ಲುತ್ತಾನೆಯೇ? ಬಹಳ ಕಾಲ ಇದಕ್ಕೆ ನಾನು ಮಾತಿನಲ್ಲೇ ಉತ್ತರ ಕೊಡುತ್ತಿದ್ದೆ. ಕಳೆದ ಮಳೆಗಾಲದ ಒಂದು ಭಾನುವಾರ ಬೆಂಗಳೂರಿನ ಒಂದು ತರಬೇತಿ ಕೇಂದ್ರದಲ್ಲಿ ಉತ್ತರವನ್ನು ಕಣ್ಣೆದುರೇ ಕಂಡೆ.

ನನ್ನ ಶಿಷ್ಯೆ ರಾಜ್ಯ ಮಟ್ಟದಲ್ಲಿ ಚಿನ್ನ ಗೆದ್ದವಳು. ಅವಳ ಎಡಗೈ ಜಾಬ್ (ಮುಂದಿನ ಕೈ ಚಾಚಿ ಹೊಡೆಯುವ ನೇರ ಗುದ್ದು) ಎಷ್ಟು ಚುರುಕೆಂದರೆ ಅಭ್ಯಾಸದಲ್ಲಿ ಗಂಡುಹುಡುಗರೂ ದೂರ ನಿಲ್ಲುತ್ತಾರೆ. "ಸರ್, ಬಾಕ್ಸಿಂಗ್‌ನಲ್ಲಿ ಎರಡು ಒಲಿಂಪಿಕ್ಸ್ ಚಿನ್ನ ಗೆದ್ದ ಕ್ಲರೆಸ್ಸಾ ಶೀಲ್ಡ್ಸ್ ಎಂಎಂಎಗೆ ಹೋಗಲಿಲ್ಲವೇ? ನಾನೂ ಒಮ್ಮೆ ಆಡಿ ನೋಡುತ್ತೇನೆ" ಎಂದು ಹಟ ಹಿಡಿದಳು. ನಾನೂ ಜೊತೆಗೆ ಬರುತ್ತೇನೆ ಎಂಬ ಷರತ್ತಿನ ಮೇಲೆ ಒಪ್ಪಿದೆ.

ಅಲ್ಲಿನ ತರಬೇತುದಾರರು ದಾವಣಗೆರೆಯ ಗರಡಿಯಲ್ಲಿ ಬೆಳೆದವರು. ಮೊದಲು ಅವಳ ಕೈಗೆ ಅಲ್ಲಿನ ಗ್ಲೌಸ್ ತೊಡಿಸಿದರು. ಬಾಕ್ಸಿಂಗ್ ಗ್ಲೌಸ್ ಹತ್ತು ಔನ್ಸ್ ಎಂದಿಟ್ಟುಕೊಳ್ಳಿ, ಇದು ನಾಲ್ಕೇ ಔನ್ಸ್. ಬೆರಳುಗಳೆಲ್ಲ ಹೊರಗೆ. ಅವಳು ಖುಷಿಯಿಂದ ಗಾಳಿಯಲ್ಲಿ ನಾಲ್ಕಾರು ಗುದ್ದು ಬಿಟ್ಟಳು. ನನಗೆ ಆಗಲೇ ಆತಂಕ ಶುರುವಾಯಿತು. ದೊಡ್ಡ ಗ್ಲೌಸಿನ ಮರೆಯಲ್ಲಿ ಮುಖ ಮುಚ್ಚಿಕೊಂಡು ಬದುಕುವುದನ್ನು ನಾವು ಕಲಿಸಿರುತ್ತೇವೆ. ಈ ಸಣ್ಣ ಗ್ಲೌಸಿಗೆ ಆ ಮರೆಯಿಲ್ಲ, ಗುದ್ದು ನಡುವೆ ನುಸುಳಿ ಬರುತ್ತದೆ. ಹೊರಗಿರುವ ಬೆರಳುಗಳು ಗುದ್ದುವುದಕ್ಕಷ್ಟೇ ಅಲ್ಲ, ಹಿಡಿಯುವುದಕ್ಕೂ ಬರುತ್ತವೆ.

ಎದುರಿಗೆ ನಿಂತವಳು ಹಳಿಯಾಳದ ಕಡೆಯ ಹುಡುಗಿ, ಚಿಕ್ಕಂದಿನಿಂದ ಕುಸ್ತಿ ಮಾಡಿದವಳು. ತೂಕ ಸರಿಸಮ. ಮೊದಲ ಒಂದು ನಿಮಿಷ ನನ್ನ ಶಿಷ್ಯೆಯದೇ. ಜಾಬ್ ಎರಡು ಸಲ ಸರಿಯಾಗಿ ತಾಗಿತು. ಆಮೇಲೆ ಆ ಹುಡುಗಿ ದೂರದಿಂದಲೇ ಇವಳ ಮುಂಗಾಲಿನ ಮೀನಖಂಡಕ್ಕೆ ಒದೆಯತೊಡಗಿದಳು. ಬಾಕ್ಸಿಂಗ್‌ನಲ್ಲಿ ನಾವು ಮುಂಗಾಲನ್ನು ಕೊಂಚ ಒಳಕ್ಕೆ ತಿರುಗಿಸಿ, ಭಾರ ಹಾಕಿ ನಿಲ್ಲಿಸುತ್ತೇವೆ. ಜಾಬ್‌ನ ಬಲವೆಲ್ಲ ಆ ಕಾಲಿನದು. ಅದೇ ಕಾಲು ಇಲ್ಲಿ ಒದೆಗೆ ಸುಲಭದ ಗುರಿ. 1976ರಲ್ಲಿ ಟೋಕಿಯೋದಲ್ಲಿ ಬಾಕ್ಸರ್ ಮೊಹಮ್ಮದ್ ಅಲಿ ಮತ್ತು ಜಪಾನಿನ ಕುಸ್ತಿಪಟು ಆಂಟೋನಿಯೊ ಇನೋಕಿ ಹದಿನೈದು ಸುತ್ತು ಸೆಣಸಿದಾಗ ಇನೋಕಿ ನೆಲದ ಮೇಲೆ ಮಲಗಿಯೇ ಅಲಿಯ ಕಾಲುಗಳಿಗೆ ಒದ್ದಿದ್ದ. ಪಂದ್ಯ ಸಮ ಎಂದು ಘೋಷಿಸಿದರು, ಆದರೆ ಅಲಿ ಕಾಲು ಊದಿಕೊಂಡು ಆಸ್ಪತ್ರೆ ಸೇರಬೇಕಾಯಿತು.

ಕಾಲಿನ ಕಡೆ ಗಮನ ಹೋದ ಕ್ಷಣದಲ್ಲೇ ಹಳಿಯಾಳದ ಹುಡುಗಿ ಸೊಂಟ ಬಗ್ಗಿಸಿ ನುಗ್ಗಿ ಬೆನ್ನ ಹಿಂದೆ ಕೈ ಕಟ್ಟಿ, ಇವಳನ್ನು ಜಾಲರಿಗೆ ಒತ್ತಿದಳು. ಆಗ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಬೇರೆಯವರಿಗೆ ಅದು ಕಂಡಿರಲಾರದು. ನನ್ನ ಶಿಷ್ಯೆ ಅರೆಕ್ಷಣ ಮೈ ಸಡಿಲಬಿಟ್ಟಳು. ಹೆಗಲು ಇಳಿಯಿತು, ಬಾಯಲ್ಲಿ ಉಸಿರು ಬಿಟ್ಟಳು. ರೆಫರಿ "ಬ್ರೇಕ್" ಎನ್ನುವುದಕ್ಕೆ ಕಾಯುತ್ತಿದ್ದಳು! ಬಾಕ್ಸಿಂಗ್‌ನಲ್ಲಿ ಅಪ್ಪಿ ಹಿಡಿಯುವುದೆಂದರೆ ದಣಿವಾರಿಸಿಕೊಳ್ಳುವ ಉಪಾಯ. ಅದನ್ನು ಕಲಿಸಿದವನು ನಾನೇ, ರಿಂಗಿನಲ್ಲಿ ಅದು ಸರಿಯಾದ ಪಾಠ. ಪಂಜರದಲ್ಲಿ ಅಪ್ಪಿ ಹಿಡಿದ ಮಾತ್ರಕ್ಕೆ ಆ ಮಾತು ಹೇಳುವವರು ಯಾರೂ ಇಲ್ಲ. ಅವಳು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮ್ಯಾಟಿನ ಮೇಲಿದ್ದಳು.

ಬಿದ್ದ ಮೇಲಿನ ಸಂಕಟ ಬೇರೆಯೇ. ಬಾಕ್ಸರ್‌ಗೆ ನೆಲವೆಂದರೆ ರೆಫರಿ ಎಣಿಸುವ ಜಾಗ. ಎದುರಾಳಿ ಅಲ್ಲಿಂದ ದೂರ ಸರಿಯಬೇಕು. ಇಲ್ಲಿ ಎದುರಾಳಿ ನಿಮ್ಮ ಜೊತೆಗೇ ಬೀಳುತ್ತಾನೆ, ಮೇಲೆ ಕೂರುತ್ತಾನೆ. ಅವಳು ಏಳುವ ಆತುರದಲ್ಲಿ ಮಗ್ಗುಲಾಗಿ ಬೆನ್ನು ಕೊಟ್ಟಳು. ಯಾರಾದರೂ ಮಾಡುವುದು ಅದನ್ನೇ. ಹುಡುಗಿಯ ಮುಂಗೈ ಗದ್ದದ ಕೆಳಗೆ ಜಾರಿತು, ಇವಳು ಸೋಲೊಪ್ಪಿ ಮ್ಯಾಟ್ ತಟ್ಟಿದಳು.

ನನಗೆ ಜೇಮ್ಸ್ ಟೋನಿ ನೆನಪಾದ. ಮಿಡಲ್‌ವೇಟ್, ಸೂಪರ್ ಮಿಡಲ್‌ವೇಟ್, ಕ್ರೂಸರ್‌ವೇಟ್ ಮೂರು ತೂಕ ವಿಭಾಗಗಳಲ್ಲೂ ಬಾಕ್ಸಿಂಗ್ ವಿಶ್ವ ಚಾಂಪಿಯನ್ ಆಗಿದ್ದವನು, ಇವ್ಯಾಂಡರ್ ಹೋಲಿಫೀಲ್ಡ್‌ನನ್ನು ಮಣಿಸಿದವನು. ಹೆಗಲ ಹೊರಳಿನಲ್ಲೇ ಗುದ್ದುಗಳನ್ನು ಜಾರಿಸಿಬಿಡುವ ಅವನ ರಕ್ಷಣೆಯನ್ನು ನಾನು ಇಂದಿಗೂ ಮಕ್ಕಳಿಗೆ ತೋರಿಸುತ್ತೇನೆ. 2010ರ ಆಗಸ್ಟ್ 28ರಂದು ಬೋಸ್ಟನ್‌ನಲ್ಲಿ ಅವನು ರ‍್ಯಾಂಡಿ ಕೂಟೂರ್ ಎದುರು ಯುಎಫ್‌ಸಿ ಎಂಬ ಎಂಎಂಎ ಸಂಸ್ಥೆಯ ಪಂದ್ಯಕ್ಕೆ ಇಳಿದ. ಕೂಟೂರ್‌ಗೆ ಆಗ 47 ವರ್ಷ, ಗ್ರೀಕೋ ರೋಮನ್ ಕುಸ್ತಿಯಲ್ಲಿ ಪಳಗಿದವನು. ಗಂಟೆ ಬಾರಿಸಿದ ಕೆಲವೇ ಕ್ಷಣಗಳಲ್ಲಿ ಕೆಳಗೆ ಬಗ್ಗಿ ಪಾದದ ಗಂಟು ಹಿಡಿದು ಟೋನಿಯನ್ನು ಕೆಡವಿದ. 3 ನಿಮಿಷ 19 ಸೆಕೆಂಡಿಗೆ ಕತ್ತು ಅಮುಕಿ ಪಂದ್ಯ ಮುಗಿಸಿದ. ಆ ಮಹಾನ್ ಕೈಗಳಿಗೆ ಕೆಲಸವೇ ಸಿಗಲಿಲ್ಲ. ಆ ದೃಶ್ಯ ನೋಡಿ ನಕ್ಕವರ ಮೇಲೆ ನನಗೆ ಈಗಲೂ ಕೋಪವಿದೆ. ಅಲ್ಲಿ ಬಯಲಾದದ್ದು ತಯಾರಿಯ ಕೊರತೆ. ಬಾಕ್ಸಿಂಗ್ ಸೋತಿತೆಂದು ಅದನ್ನು ಓದುವುದು ಅನ್ಯಾಯ.

ಏಕೆಂದರೆ ಹೋಲಿ ಹೋಮ್ ಇದ್ದಾಳೆ. ಆಕೆಯೂ ಬಾಕ್ಸಿಂಗ್‌ನ ವಿಶ್ವ ಚಾಂಪಿಯನ್. ಕಿಕ್‌ಬಾಕ್ಸಿಂಗ್ ಹಿನ್ನೆಲೆ ಇತ್ತು, ಎಂಎಂಎಯಲ್ಲಿ ಕೆಲವು ವರ್ಷ ಸಣ್ಣ ಪಂದ್ಯಗಳನ್ನಾಡಿ ಕೆಳಗೆ ಬೀಳದಿರುವುದನ್ನು ಕಲಿತಳು. 2015ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ, ಬೀಜಿಂಗ್ ಒಲಿಂಪಿಕ್ಸ್‌ನ ಜೂಡೋ ಕಂಚು ಗೆದ್ದಿದ್ದ ರೊಂಡಾ ರೌಸಿಯನ್ನು ಮೊದಲ ಸುತ್ತಿನುದ್ದಕ್ಕೂ ಹಿಡಿತಕ್ಕೆ ಸಿಗದೆ ಓಡಾಡಿಸಿ ಗುದ್ದಿದಳು. ಎರಡನೆಯ ಸುತ್ತಿನಲ್ಲಿ ತಲೆಗೆ ಒದ್ದು ಕೆಡವಿದಳು. ಜನ ನೆನಪಿಟ್ಟುಕೊಂಡಿರುವುದು ಆ ಒದೆಯನ್ನು. ಆ ಒದೆಗೆ ದಾರಿ ಮಾಡಿದ್ದು ಬಾಕ್ಸರ್‌ನ ಎಡಗೈ ಮತ್ತು ಕಾಲ್ಚಳಕ ಎಂದು ನಾನು ವಾದಿಸುತ್ತೇನೆ.

ಆ ಭಾನುವಾರವೂ ಕೊನೆಯ ಸುತ್ತಿನಲ್ಲಿ ಅಂಥದೊಂದು ತುಣುಕು ಕಂಡಿತು. ದಾವಣಗೆರೆಯವರು ಶಿಷ್ಯೆಯ ಕಿವಿಯಲ್ಲಿ ಏನೋ ಹೇಳಿದರು. ಅವಳು ನಿಲುವನ್ನು ಇನ್ನಷ್ಟು ತಗ್ಗಿಸಿ, ಮುಂಗಾಲಿನ ಭಾರ ಕಡಿಮೆ ಮಾಡಿಕೊಂಡಳು. ಹುಡುಗಿ ಮತ್ತೆ ಕಾಲಿಗೆ ನುಗ್ಗಿದಾಗ ಇವಳು ಸೊಂಟವನ್ನು ಹಿಂದಕ್ಕೆ ಎಸೆದು ಪಕ್ಕಕ್ಕೆ ಸರಿದು, ಎಡ ಹುಕ್ಕನ್ನು (ಮೊಣಕೈ ಬಾಗಿಸಿ ಬೀಸುವ ಗುದ್ದು) ಪಕ್ಕೆಲುಬಿನ ಕೆಳಗೆ ಇಟ್ಟಳು. ಪೂರ್ತಿ ಬಲ ಹಾಕಿರಲಿಲ್ಲ. ಆದರೂ ಹುಡುಗಿ ಮಂಡಿಯೂರಿ, ಕೈ ಎತ್ತಿ ಸಾಕೆಂದಳು. ಆಮೇಲೆ ಜಾಬ್‌ನ ಹುಸಿ ತೋರಿಸಿದರೂ ಅವಳು ನುಗ್ಗಲು ಹಿಂಜರಿಯುತ್ತಿದ್ದಳು.

ಹಿಂತಿರುಗುವಾಗ ಬಸ್ಸಿನಲ್ಲಿ ಅವಳು ಮೀನಖಂಡದ ಮೇಲೆ ಮಂಜುಗಡ್ಡೆಯ ಚೀಲ ಒತ್ತಿಕೊಂಡು ಕೇಳಿದಳು: "ಎಷ್ಟು ಕಾಲ ಬೇಕಾಗುತ್ತದೆ ಸರ್?"

ನಾನು ಶೀಲ್ಡ್ಸ್ ಕಥೆಯನ್ನೇ ಪೂರ್ತಿ ಹೇಳಿದೆ. 2021ರ ಜೂನ್‌ನಲ್ಲಿ ಬ್ರಿಟ್ನಿ ಎಲ್ಕಿನ್ ಅವಳನ್ನು ಕೆಡವಿ ಮೇಲೆ ಕೂತಿದ್ದಳು. ಶೀಲ್ಡ್ಸ್ ಸಹಿಸಿಕೊಂಡು ಎದ್ದು ಮೂರನೆಯ ಸುತ್ತಿನಲ್ಲಿ ಗುದ್ದಿ ಗೆದ್ದಳು. ಅದೇ ಅಕ್ಟೋಬರ್‌ನಲ್ಲಿ ಅಬಿಗೇಲ್ ಮೊಂಟೆಸ್ ಮತ್ತೆ ಕೆಡವಿದಳು, ತೀರ್ಪುಗಾರರ ಎಣಿಕೆಯಲ್ಲಿ ಶೀಲ್ಡ್ಸ್ ಸೋತಳು. ಜಗತ್ತಿನ ಅತ್ಯುತ್ತಮ ಬಾಕ್ಸರ್‌ಗಳಲ್ಲಿ ಒಬ್ಬಳಿಗೆ ಇಷ್ಟು ಕಷ್ಟವಾಗಿರುವಾಗ, ಕನಿಷ್ಠ ಒಂದು ವರ್ಷ ಬರೀ ಬೀಳದಿರುವುದನ್ನೂ ಬಿದ್ದರೆ ಏಳುವುದನ್ನೂ ಕಲಿಯದೆ ಯಾವ ಪಂದ್ಯಕ್ಕೂ ಸಹಿ ಹಾಕಬೇಡ ಎಂದೆ. ಆ ಒಂದು ವರ್ಷ ಕೊಟ್ಟವಳಾದರೆ ನಾನು ಬಾಕ್ಸರ್ ಕಡೆಗೇ ನಿಲ್ಲುತ್ತೇನೆ ಎಂಬುದನ್ನೂ ಹೇಳಿದೆ.

ಈಗ ಅವಳು ವಾರಕ್ಕೆರಡು ಸಂಜೆ ಅಲ್ಲಿಗೆ ಹೋಗಿ ಜಾಲರಿಗೆ ಬೆನ್ನು ಕೊಟ್ಟು ಏಳುವುದನ್ನಷ್ಟೇ ಅಭ್ಯಾಸ ಮಾಡುತ್ತಾಳೆ. ಹಳಿಯಾಳದ ಹುಡುಗಿ ಶನಿವಾರ ನಮ್ಮಲ್ಲಿಗೆ ಬಂದು ಜಾಬ್ ಕಲಿಯುತ್ತಿದ್ದಾಳೆ. ಅವಳ ಮುಂಗಾಲನ್ನು ಹೇಗೆ ನಿಲ್ಲಿಸಬೇಕೆಂದು ನಾನೂ ದಾವಣಗೆರೆಯವರೂ ಇನ್ನೂ ವಾದ ಮಾಡುತ್ತಿದ್ದೇವೆ.