ಹೊಸ ಟಗರು, ಹಳೆಯ ರಕ್ತ

ಈ ಸಲ ಕುರಿಗಳು ಈದ ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ. ಮರಿಗಳ ತೂಕ ಚೆನ್ನಾಗಿದೆ, ಸಾವು ಕಡಿಮೆ, ಕಾಲು ಗಿಡ್ಡ, ಒಡಲು ಪೀಪಾಯಿಯಂತೆ ದುಂಡು. ಮಂಡ್ಯ ಸೀಮೆಯ ಮಾಂಸದ ತಳಿಯಾದ ಬಂಡೂರು ಕುರಿ ಸಾಕುವವನು ಇನ್ನೇನು ಕೇಳಬೇಕು? ಆದರೂ ಹೊಸ ಬೀಜದ ಟಗರನ್ನು ಹಿಂಡಿನಿಂದ ಬೇರೆ ಮಾಡಿ ಹಲಸಿನ ಮರಕ್ಕೆ ಕಟ್ಟಿದ್ದೇನೆ. ಕಾರಣ, ದವಡೆ.

ಎರಡು ಮರಿಗಳಿಗೆ ಕೆಳದವಡೆ ಗಿಡ್ಡ. ಕುರಿಗೆ ಮೇಲೆ ಮುಂಬಲ್ಲು ಇರುವುದಿಲ್ಲ, ಗಟ್ಟಿ ವಸಡಷ್ಟೇ. ಕೆಳಗಿನ ಹಲ್ಲು ಆ ವಸಡಿಗೆ ಸರಿಯಾಗಿ ಕೂತರೆ ಮಾತ್ರ ಹುಲ್ಲು ತುಂಡಾಗುತ್ತದೆ. ಈ ಮರಿಗಳ ಹಲ್ಲು ಹಿಂದೆ ಹೋಗಿ ಅಂಗುಳಕ್ಕೆ ತಾಗುತ್ತವೆ. ಹಾಲು ಕುಡಿಯುವವರೆಗೆ ಗೊತ್ತೇ ಆಗುವುದಿಲ್ಲ, ಮೇಯಲು ಬಿಟ್ಟ ಮೇಲೆ ಸೊರಗುತ್ತವೆ. ಕೊಂಡವನು ಆಮೇಲೆ ಮನೆ ಬಾಗಿಲಿಗೆ ಬಂದು ಮರ್ಯಾದೆಯಿಂದ ಬೈಯುತ್ತಾನೆ.

ಇದು ವಂಶದಲ್ಲಿ ಬರುವ ದೋಷ. ತಂದೆಯಲ್ಲೂ ಕಾಣದೆ ತಾಯಿಯಲ್ಲೂ ಕಾಣದೆ ಮರಿಯಲ್ಲಿ ಕಾಣಿಸಿದರೆ, ಇಬ್ಬರೂ ಅದನ್ನು ಗುಟ್ಟಾಗಿ ಹೊತ್ತಿದ್ದಾರೆ ಎಂಬ ಅನುಮಾನ ಬರಲೇಬೇಕು. ಎರಡೂ ಮರಿಗಳ ತಾಯಂದಿರು ನನ್ನ ಹಳೆಯ ಟಗರಿನ ಮಗಳಂದಿರು. ಹೊಸ ಟಗರನ್ನು ತಂದದ್ದೇ ಆ ಮಗಳಂದಿರಿಗಾಗಿ. ತಂದೆಯನ್ನೇ ಮಗಳ ಮೇಲೆ ಬಿಟ್ಟರೆ ಮರಿಯಲ್ಲಿ ಒಳಸಂಬಂಧ, ಅಂದರೆ ಒಂದೇ ಪೂರ್ವಜನ ಅದೇ ವಂಶವಾಹಿ ಅಪ್ಪ ಅಮ್ಮ ಎರಡೂ ಕಡೆಯಿಂದ ಬರುವ ಸಾಧ್ಯತೆ, 25 ಪ್ರತಿಶತ ಆಗುತ್ತದೆ ಎಂಬುದು ಕುರಿ ಸಾಕುವವರಿಗೆಲ್ಲ ಗೊತ್ತಿರುವ ಲೆಕ್ಕ. ಅದನ್ನು ತಪ್ಪಿಸಲೆಂದೇ ದುಡ್ಡು ಸುರಿದು "ಬೇರೆ ರಕ್ತ" ತಂದಿದ್ದು. ಮಾರಿದ ಮಹಾನುಭಾವರು, "ಅಣ್ಣ, ನಿಮ್ಮ ಕಡೆಯ ಕುರಿಗೂ ಇದಕ್ಕೂ ಏಳು ತಲೆಮಾರಿನ ನಂಟಿಲ್ಲ" ಎಂದು ದೇವರ ಮೇಲೆ ಆಣೆ ಇಟ್ಟಿದ್ದರು. ಆಣೆಗೆ ರಸೀತಿ ಕೊಡುವುದಿಲ್ಲ.

ಹಸು ಸಾಕುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರ ವೀರ್ಯನಳಿಕೆಯ ಮೇಲೆ ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ. ಹುಡುಕಿದರೆ ಅಪ್ಪ, ತಾತ ಎಲ್ಲ ಸಿಗುತ್ತಾರೆ. ಕುರಿಯ ಗರ್ಭಕಂಠ ಅಂಕುಡೊಂಕು. ಶೀತಲೀಕರಿಸಿದ ವೀರ್ಯವನ್ನು ಸುಲಭವಾಗಿ ಒಳಗೆ ಇಳಿಸಲಾಗುವುದಿಲ್ಲ, ಗಬ್ಬ ಕಟ್ಟುವುದೂ ಕಡಿಮೆ. ಹೀಗಾಗಿ ನಾವು ನಾಲ್ಕು ಕಾಲಿನ ಟಗರನ್ನೇ ನಂಬಬೇಕು, ಅದನ್ನು ಮಾರುವ ಎರಡು ಕಾಲಿನವರನ್ನೂ ನಂಬಬೇಕು. ಹಿಂಭಾಗ ತಲೆಕೆಳಗಾದ ಯು ಆಕಾರದಲ್ಲಿದೆಯೇ, ಕಿವಿ ಎಲೆಯಂತೆ ಜೋತಿದೆಯೇ, ಕೊಂಬಿಲ್ಲವೇ, ವೃಷಣ ಎರಡೂ ಸಮವೇ ಎಂದು ನೋಡಬಹುದು. ಅಪ್ಪ ಯಾರೆಂದು ಮೈ ಮುಟ್ಟಿ ಹೇಳಲಾಗುವುದಿಲ್ಲ. ನನ್ನ ಟಗರಿನ ಕಿವಿಯಲ್ಲಿ ಗುರುತಿನ ಸಂಖ್ಯೆಯ ಓಲೆ ಇರಲಿಲ್ಲ, ಓಲೆಯ ತೂತು ಮಾತ್ರ ಇತ್ತು. "ಬೇಲಿಗೆ ಸಿಕ್ಕಿ ಕಿತ್ತುಹೋಯಿತು" ಎಂದರು. ಮಂಡ್ಯ ಜಿಲ್ಲೆಯ ಬೇಲಿಗಳಿಗೆಲ್ಲ ಕಿವಿಯೋಲೆಯ ಚಪಲ ಇದ್ದಂತಿದೆ.

ಜಾಡು ಹಿಡಿದು ಹೊರಟೆ. ಮಾರಿದವರು ಸಂತೆಯಲ್ಲಿ ಕೊಂಡಿದ್ದರು. ಸಂತೆಗೆ ತಂದಿದ್ದು ಒಬ್ಬ ದಲ್ಲಾಳಿ. ದಲ್ಲಾಳಿಗೆ ನೆನಪಿರುವುದು ದರ ಮಾತ್ರ. ಕೊನೆಗೆ ಮಳವಳ್ಳಿ ಕಡೆಯ ಒಂದು ಹಟ್ಟಿಯಲ್ಲಿ ಆ ಟಗರು ಹುಟ್ಟಿದ ಮನೆ ಸಿಕ್ಕಿತು. ಅಲ್ಲಿನ ಅಜ್ಜಿಗೆ ಓದು ಬರಹ ಬಾರದು, ಆದರೆ ಹಿಂಡಿನ ವಂಶಾವಳಿ ಪೂರ್ತಿ ಬಾಯಲ್ಲಿದೆ. ಮೊಬೈಲಿನ ಚಿತ್ರ ನೋಡಿದ ಕೂಡಲೇ, "ಇದು ನಮ್ಮ ಕಂದುಮೂತಿಯ ಮಗ. ಅಪ್ಪ ಆ ಬಾಡಿಗೆ ಟಗರು ಕಣಪ್ಪ, ಊರೂರು ಸುತ್ತುತ್ತಿತ್ತಲ್ಲ" ಎಂದರು. ಎಡಗಿವಿ ಸೀಳಿದ್ದ ಟಗರೇ ಎಂದು ಕೇಳಿದೆ. ಅದೇ. ನನ್ನ ಹಳೆಯ ಟಗರಿನ ಅಪ್ಪನೂ ಅದೇ!

ಅಂದರೆ ಹಳೆಯ ಟಗರು, ಹೊಸ ಟಗರು ಒಂದೇ ತಂದೆಯ ಮಕ್ಕಳು. ಹೊಸದು ಕೂಡಿದ್ದು ಅಣ್ಣನ ಮಗಳಂದಿರನ್ನು. ಒಳಸಂಬಂಧ 6.25 ಪ್ರತಿಶತ. ಸಂಖ್ಯೆ ನೋಡಿದರೆ ಗಾಬರಿಯಾಗುವಂಥದ್ದಲ್ಲ, ಎಷ್ಟೋ ಹಿಂಡುಗಳು ಇದಕ್ಕಿಂತ ಬಿಗಿಯಾಗಿ ನಡೆಯುತ್ತಿವೆ. ಆದರೆ ಒಂದು ಮೆಚ್ಚಿನ ಟಗರು ಇಡೀ ಸೀಮೆಗೆ ಅಪ್ಪನಾದಾಗ ಅದರೊಳಗಿನ ಗುಟ್ಟೂ ಮನೆಮನೆಗೆ ಹಂಚಿಹೋಗುತ್ತದೆ. ಶುದ್ಧ ಬಂಡೂರು ಮೊದಲೇ ವಿರಳ. ಅದರಲ್ಲೂ ಎಲ್ಲರಿಗೂ ಬೇಕಾಗಿರುವುದು ಅದೇ ಗಿಡ್ಡ ಕಾಲು, ಅದೇ ದಪ್ಪ ತೊಡೆ. ಒಳ್ಳೆಯ ಟಗರೆಂದು ಹೆಸರು ಬಂದದ್ದೇ ಇದರ ಮೂಲ.

ಇನ್ನು ಮುಂದೆ ತರುವ ಟಗರು ಈ ದೋಷ ಹೊತ್ತಿಲ್ಲವೆಂದು ತಿಳಿಯುವುದು ಹೇಗೆ? ಒಂದೇ ವಂಶವಾಹಿಯ ಸುಪ್ತ ದೋಷ, ಅಂದರೆ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸುವಂಥದ್ದು, ಎಂದು ಇಟ್ಟುಕೊಂಡು ಲೆಕ್ಕ ಹಾಕಿದೆ. ದವಡೆ ಗಿಡ್ಡವಾದ ಮರಿ ಹೆತ್ತ ಕುರಿಗಳಿಗೇ ಟಗರನ್ನು ಬಿಟ್ಟರೆ, 11 ಮರಿ ಸರಿಯಾಗಿ ಹುಟ್ಟಿದಾಗ 95 ಪ್ರತಿಶತ ನೆಮ್ಮದಿ. ದೋಷ ಹೊತ್ತ ಟಗರಿನ ಬೇರೆ ಮಗಳಂದಿರಿಗೆ ಬಿಟ್ಟರೆ ಅದೇ ನೆಮ್ಮದಿಗೆ 23 ಮರಿ ಬೇಕು. ನನ್ನಲ್ಲಿ ಅಂಥ ತಾಯಂದಿರು ಇಬ್ಬರೇ, ಬಂಡೂರು ಬಹುಪಾಲು ಒಂದೊಂದೇ ಮರಿ ಹಾಕುವ ತಳಿ, ಗಬ್ಬದ ಕಾಲ ಐದು ತಿಂಗಳು. ನೆಮ್ಮದಿ ಬರುವ ಹೊತ್ತಿಗೆ ಟಗರಿಗೆ ಹಲ್ಲು ಉದುರಿರುತ್ತದೆ.

ಇಲ್ಲೇ ತಲೆ ಬೇರೆ ದಾರಿ ಹಿಡಿಯಿತು. ಮಹಾರಾಷ್ಟ್ರದ ಫಲ್ಟಣದಲ್ಲಿ ಪಶ್ಚಿಮ ಬಂಗಾಳದ ಗರೋಲ್ ಕುರಿಯಿಂದ ಅವಳಿ ಮರಿ ಹುಟ್ಟಿಸುವ ಫೆಕ್-ಬಿ ವಂಶವಾಹಿಯನ್ನು ದಖನಿ ಕುರಿಗೆ ತಂದು ನಾರಿ ಸುವರ್ಣ ತಳಿ ರೂಪಿಸಿದರಲ್ಲ, ಅದರ ಟಗರು ತಂದರೆ ಅವಳಿ ಮರಿ! ಆ ವಂಶವಾಹಿ ಇದೆಯೋ ಇಲ್ಲವೋ ಎಂದು ರಕ್ತ ಪರೀಕ್ಷೆಯಲ್ಲೇ ಹೇಳಬಹುದು, ಆಣೆ ಪ್ರಮಾಣ ಬೇಡ. ಶುದ್ಧ ಹಿಂಡಿಗಲ್ಲ, ಪಕ್ಕದ ನಾಟಿ ಕುರಿಗಳಿಗೆ. ಎರಡು ಮರಿಗೆ ಹಾಲು ಸಾಲುತ್ತದೆಯೇ ಎಂಬುದನ್ನು ನೋಡಬೇಕು. ಮನೆಯಾಕೆ, "ಮೊದಲು ಇದ್ದ ಮರಿಗಳ ಬಾಯಿ ನೆಟ್ಟಗೆ ಮಾಡಿ" ಎಂದರು. ಯೋಜನೆ ಮಳೆಗಾಲದ ನಂತರಕ್ಕೆ.

ಸದ್ಯಕ್ಕೆ ಮೂವರು ಗೆಳೆಯರು ಸೇರಿ ಚಕ್ರ ಕಟ್ಟಿದ್ದೇವೆ. ಹೆಣ್ಣುಮರಿಗಳು ಹುಟ್ಟಿದ ಹಿಂಡಿನಲ್ಲೇ ಉಳಿಯುತ್ತವೆ. ನನ್ನಲ್ಲಿ ಆಯ್ದ ಗಂಡುಮರಿ ಎರಡನೆಯವರಿಗೆ, ಅವರದು ಮೂರನೆಯವರಿಗೆ, ಮೂರನೆಯವರದು ನನಗೆ. ಮೂರನೆಯವರ ಕುರಿಗಳು ಧನಗೂರಿನ ಸರ್ಕಾರಿ ಕುರಿ ಸಂವರ್ಧನಾ ಕೇಂದ್ರದಿಂದ ಹಿಂದೆ ಬಂದವುಗಳ ಪೀಳಿಗೆ, ಬಾಡಿಗೆ ಟಗರಿನ ಸುಳಿವು ಅಲ್ಲಿಲ್ಲ. ಬಂದ ಟಗರನ್ನು ಕೆಲವು ವಾರ ಬೇರೆ ಕಟ್ಟಿ, ಗಬ್ಬ ಕಳೆಯುವ ಬ್ರೂಸೆಲ್ಲಾ ರೋಗದ ಪರೀಕ್ಷೆ ಮಾಡಿಸಿ, ಕುರಿಗಳ ಪ್ಲೇಗ್ ಎನ್ನುವ ಪಿಪಿಆರ್ ರೋಗದ ಲಸಿಕೆ ಹಾಕಿಸಿಯೇ ಒಳಗೆ ಬಿಡುವುದು. ಗಿಡ್ಡ ದವಡೆಯ ಮರಿ ಯಾರ ಹಿಂಡಿನಲ್ಲಿ ಹುಟ್ಟಿದರೂ ಮುಚ್ಚಿಡುವಂತಿಲ್ಲ ಎಂಬ ಷರತ್ತಿಗೆ ಮೂವರೂ ಒಪ್ಪಿದ್ದೇವೆ. ಟೆಂಪೊ ಬಾಡಿಗೆ ಯಾರು ಕೊಡಬೇಕೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಹಲಸಿನ ಮರದ ಕೆಳಗಿರುವವನನ್ನು ಬೀಜಕ್ಕೆಂದು ಮಾರುವುದಿಲ್ಲ. ಮಾಂಸಕ್ಕೆ ಹೋಗಬೇಕು. ನಿನ್ನೆ ಒಬ್ಬರು ಬಂದು, ಹಿಂಭಾಗ ತಡವಿ, "ಸ್ವಾಮಿ, ಇಂಥ ಟಗರನ್ನು ಕಡಿಯುತ್ತಾರೆಯೇ? ನನಗೆ ಕೊಡಿ, ನಮ್ಮ ಊರಿನ ಕುರಿಗಳಿಗೆ ಬೇರೆ ರಕ್ತವಾಗುತ್ತದೆ" ಎಂದರು. ಬಾಯಿ ತೆರೆದು ತೋರಿಸಿದೆ. ಅದರ ದವಡೆ ಮಾತ್ರ ಸರಿಯಾಗಿಯೇ ಇದೆಯಲ್ಲ, ಅವರು ನಂಬಲಿಲ್ಲ. ಆ ಎರಡು ಮರಿಗಳನ್ನು ಎತ್ತಿಕೊಂಡು ಬರಬೇಕಾಯಿತು.