ಇನ್‌ಸ್ಟಾಲ್ ಅರ್ಧಕ್ಕೆ ನಿಂತಿತ್ತು, ಪೆನ್‌ಡ್ರೈವ್ ಭಾವನ ಕೈಗೆ ಸಿಕ್ಕಿತ್ತು

ನಮ್ ಭಾವಂದು ದಾವಣಗೆರೆ ಚೌಕಿಪೇಟೆ ಹತ್ರ ಒಂದು ಫೋಟೋ ಸ್ಟುಡಿಯೋ ಐತೆ. ಮದ್ವೆ ಸೀಸನ್ ಬಂತಂದ್ರೆ ಫೋಟೋ ವಿಡಿಯೋ ಎಲ್ಲಾ ಸೇರಿ ಒಂದೊಂದು ಮದ್ವೆಗೂ ಇನ್ನೂರು ಮುನ್ನೂರು ಜಿಬಿ ಆಗುತ್ತೆ, ಅದನ್ನ ಆರೇಳು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಲ್ಲಿ ತುಂಬ್ಕೊಂಡು ಮೇಲೆ ಸ್ಕೆಚ್ ಪೆನ್ನಲ್ಲಿ ‘ಹರಿಹರ ಮದ್ವೆ’, ‘ಜಗಳೂರು ನಾಮಕರಣ’ ಅಂತ ಬರ್ದು ಡ್ರಾಯರಲ್ಲಿ ಹಾಕಿರ್ತಾರೆ, ಯಾವ್ದಾದ್ರೂ ಒಂದು ಬೇಕಂದ್ರೆ ಇಡೀ ಡ್ರಾಯರ್ ಟೇಬಲ್ ಮೇಲೆ ಸುರೀಬೇಕು. ಮೂಲೇಲಿ ಒಂದು ಹಳೇ ಡೆಸ್ಕ್‌ಟಾಪ್ ಸುಮ್ನೆ ಕೂತಿತ್ತು, 4 ಜಿಬಿ ರ‍್ಯಾಮ್. ವಿಂಡೋಸ್ 10ಗೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗೀತು, 11 ಹಾಕೋಣ ಅಂದ್ರೆ ಅದು ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ಚಿಪ್ ಕೇಳುತ್ತೆ, ಈ ಮುದುಕನಿಗೆ ಅದು ಎಲ್ಲಿಂದ ಬರಬೇಕು. ಅದಕ್ಕೆ ನಾನೇ ಹೇಳ್ದೆ, ಭಾವ, ಇದಕ್ಕೆ ವಿಂಡೋಸ್ ಬದ್ಲು ಉಬುಂಟು ಸರ್ವರ್ ಅನ್ನೋ ಲಿನಕ್ಸ್ ಹಾಕಿ ಎರಡು ದೊಡ್ಡ ಡಿಸ್ಕ್ ಕೂರಿಸ್ತೀನಿ, ಎಲ್ಲಾ ಫೋಟೋನೂ ಒಂದೇ ಕಡೆ ಇರುತ್ತೆ ಅಂತ. ಬಾಯಿ ಬಿಟ್ಟವನು ನಾನೇ, ಹಂಗಾಗಿ ಭಾನುವಾರ ಹೋಗಲೇ ಬೇಕಾಯ್ತು.

ಉಬುಂಟು ಸರ್ವರ್ 24.04 ವರ್ಷನ್ ಪೆನ್‌ಡ್ರೈವಿಗೆ ಬರ್ಕೊಂಡು ಹೋಗಿದ್ದೆ. ಸರ್ವರ್ ಇನ್‌ಸ್ಟಾಲರ್ ಅಂದ್ರೆ ಮೌಸ್ ಇಲ್ಲ ಏನಿಲ್ಲ, ಬರೀ ಆ್ಯರೋ ಕೀ ಒತ್ಕೊಂಡು ಹೋಗೋದು. ಡಿಸ್ಕ್ ಯಾವ್ದು, ನಿಮ್ಮ ಹೆಸರೇನು, ಸರ್ವರ್ ಹೆಸರೇನು, ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲಾ ಕೇಳ್ತು, ಎಲ್ಲಾ ಕೊಟ್ಟೆ. ಕೆಳಗೆ ಸಾಲು ಸಾಲು ಓಡ್ತಿತ್ತು, ಕರ್ನಲ್ (ಸಿಸ್ಟಮ್ಮಿನ ತಿರುಳು) ಆಯ್ತು, ಗ್ರಬ್ (ಆನ್ ಮಾಡ್ದಾಗ ಸಿಸ್ಟಮ್ ಎಬ್ಬಿಸೋದು) ಅಂತ ಬಂದಿದ್ದೂ ನೋಡ್ದೆ, ಅಷ್ಟೊತ್ತಿಗೆ ಕರೆಂಟ್ ಹೋಯ್ತು. ಯುಪಿಎಸ್ ಇಲ್ವಾ ಅಂತ ಕೇಳ್ಬೇಡ್ರಿ. ಇದೆ. ಬ್ಯಾಟರಿ ಸತ್ತು ಒಂದು ವರ್ಷ ಆಗಿದೆ, ಅದ್ರ ಮೇಲೆ ಸ್ಯಾಂಪಲ್ ಆಲ್ಬಮ್ ಜೋಡ್ಸಿಟ್ಟಿದಾರೆ.

ಕರೆಂಟ್ ಬರೋವರೆಗೂ ಏನ್ಮಾಡೋದು, ಹೋಗಿ ಮಂಡಕ್ಕಿ ಮಿರ್ಚಿ ತಿಂದು ಟೀ ಕುಡ್ಕೊಂಡು ಬಂದೆ. ವಾಪಸ್ ಬಂದು ಆನ್ ಮಾಡಿದ್ರೆ ಖುಷಿ ಆಯ್ತು, ಡಿಸ್ಕಿಂದಾನೇ ಬೂಟ್ ಆಗ್ತಿದೆ! ಕಪ್ಪು ಸ್ಕ್ರೀನಲ್ಲಿ ಲಾಗಿನ್ ಅಂತ ಬಂತು. ಯೂಸರ್‌ನೇಮ್ ಹೊಡ್ದೆ, ಪಾಸ್‌ವರ್ಡ್ ಹೊಡ್ದೆ, ‘ಲಾಗಿನ್ ಇನ್‌ಕರೆಕ್ಟ್’. ಮತ್ತೆ ಹೊಡ್ದೆ, ಮತ್ತೆ ಅದೇ. ಕ್ಯಾಪ್ಸ್ ಲಾಕ್ ನೋಡ್ದೆ, ನಂಬರ್ ಲಾಕ್ ನೋಡ್ದೆ. ಆಮೇಲೆ ಕಣ್ಣಿಗೆ ಬಿತ್ತು, ಲಾಗಿನ್ ಅನ್ನೋ ಪದದ ಹಿಂದೆ ನಾನು ಕೊಟ್ಟಿದ್ದ ಸರ್ವರ್ ಹೆಸರೇ ಇಲ್ಲ. ಆಗ ತಲೆಗೆ ಹೋಯ್ತು.

ಈ ಇನ್‌ಸ್ಟಾಲರ್ ಯೂಸರ್‌ನೇಮ್ ಮೊದ್ಲೇ ಕೇಳುತ್ತೆ, ಆದ್ರೆ ಯೂಸರ್‌ನ ಆಗ್ಲೇ ಮಾಡಲ್ಲ. ಕೊನೆ ಹಂತದಲ್ಲಿ ಆ ವಿವರ ಎಲ್ಲಾ ಕ್ಲೌಡ್-ಇನಿಟ್ ಅನ್ನೋದ್ರ ಫೈಲಲ್ಲಿ ಬರ್ದಿಡುತ್ತೆ, ಮೊದಲ ಸಲ ಬೂಟ್ ಆದಾಗ ಕ್ಲೌಡ್-ಇನಿಟ್ ಅದನ್ನ ಓದಿ ಯೂಸರ್ ಮಾಡುತ್ತೆ. (ಇನ್‌ಸ್ಟಾಲ್ ಸರಿಯಾಗಿ ಮುಗಿದ್ರೂ ಮೊದಲ ಬೂಟಲ್ಲಿ ಗಡಿಬಿಡಿ ಮಾಡಿ ಲಾಗಿನ್ ಆಗೋಕೆ ಹೋದ್ರೆ ಇದೇ ಬೈಗುಳ ಬರುತ್ತೆ, ಒಂದೆರಡು ನಿಮಿಷ ಕಾಯ್ಬೇಕು. ನಾನು ಹತ್ತು ನಿಮಿಷ ಕಾದೆ.) ನಮ್ದ್ರಲ್ಲಿ ಕರ್ನಲ್ ಕೂತಿದೆ, ಗ್ರಬ್ ಕೂತಿದೆ, ಆ ಫೈಲ್ ಬರೆಯೋ ಮುಂಚೆ ಕರೆಂಟ್ ಹೋಗಿದೆ. ಮನೆ ಕಟ್ಟಿ, ಬಾಗ್ಲು ಕೂರ್ಸಿ, ಬೀಗ ಹಾಕಿ, ಕೀ ಯಾರಿಗೂ ಕೊಡ್ದೆ ಮೇಸ್ತ್ರಿ ಊರಿಗೆ ಹೋದಂಗೆ.

ಸರಿ, ಮತ್ತೆ ಮೊದ್ಲಿಂದ ಹಾಕಿದ್ರಾಯ್ತು, ಇಪ್ಪತ್ತು ನಿಮಿಷದ ಕೆಲಸ ಅಂದ್ಕೊಂಡೆ. ನಿಜ ಹೇಳ್ಬೇಕಂದ್ರೆ ಅದೇ ಸರಿಯಾದ ದಾರಿ, ನಿಮ್ಮತ್ರ ಪೆನ್‌ಡ್ರೈವ್ ಇದ್ರೆ ಮುಂದೆ ಓದ್ಲೇಬೇಡಿ, ಹೋಗಿ ಹೊಸದಾಗಿ ಹಾಕ್ಕೊಳ್ಳಿ.

‘ಭಾವ, ಇಲ್ಲಿ ಕರೀ ಪೆನ್‌ಡ್ರೈವ್ ಇತ್ತಲ್ರಿ?’

‘ಅದಾ? ಖಾಲಿ ಐತೆ ಅಂದ್ಕಂಡು ಫಾರ್ಮ್ಯಾಟ್ ಹೊಡ್ದು ಗಿರಾಕಿ ಒಬ್ರಿಗೆ ರಿಸೆಪ್ಷನ್ ಫೋಟೋ ಹಾಕ್ಕೊಟ್ಟೆ ಕಣಪ್ಪ. ಆಗ್ಲೇ ತಗಂಡ್ ಹೋದ್ರು.’

ಲ್ಯಾಪ್‌ಟಾಪಲ್ಲಿ. ಕರೆಂಟ್ ಇಲ್ದಾಗ. ಈ ಮನುಷ್ಯನಿಗೆ ಏನ್ ಹೇಳ್ಲಿ. ಪೆನ್‌ಡ್ರೈವಿಗೆ ಬರೆಯೋ ಉಬುಂಟು ಐಎಸ್‌ಒ ಫೈಲ್ ನಮ್ಮನೇಲಿ ಉಳಿದಿತ್ತು, ಮೊಬೈಲ್ ಡೇಟಾ ಅವತ್ತಿಂದು ಮುಗಿದಿತ್ತು. ಹಂಗಾಗಿ ಒಳಗಿಂದಾನೇ ರಿಪೇರಿ.

ಕಮಾಂಡ್‌ಗಳ್ನ ಬಾಯಲ್ಲಿ ಹೇಳೋ ತರಾನೇ ಬರಿತೀನಿ, ಓದ್ಕೊಂಡು ಟೈಪ್ ಮಾಡ್ಕೊಳ್ಳಿ. ಮೊದ್ಲು ಗ್ರಬ್ ಮೆನು ಬರಿಸ್ಬೇಕು. ಹಳೇ ಬಯಾಸ್ ಮಶೀನಾದ್ರೆ ಆನ್ ಮಾಡ್ತಿದ್ದಂಗೆ ಶಿಫ್ಟ್ ಒತ್ತಿ ಹಿಡೀಬೇಕು, ಅದಕ್ಕಿಂತ ಹೊಸ ತರದ ಯುಇಎಫ್‌ಐ ಆದ್ರೆ ಎಸ್ಕೇಪ್ ತಟ್ಟಬೇಕು. ಭಾವನ ಮೇಲಿನ ಸಿಟ್ಟಿಗೆ ನಾನು ಎಸ್ಕೇಪನ್ನ ಟಪಟಪ ಅಂತ ಒತ್ತಿ, ಮೆನು ದಾಟಿ ಬರೀ ‘ಗ್ರಬ್’ ಅಂತ ಕಾಣೋ ಪ್ರಾಂಪ್ಟಿಗೆ ಹೋಗಿ ಬಿದ್ದೆ. ಅಲ್ಲಿ ‘ನಾರ್ಮಲ್’ ಅಂತ ಟೈಪ್ ಮಾಡಿ ಎಂಟರ್ ಒತ್ತಿ, ತಕ್ಷಣ ಒಂದೇ ಸಲ ಎಸ್ಕೇಪ್ ಒತ್ತಿದ್ರೆ ಮೆನು ಬರುತ್ತೆ. ಅಡ್ವಾನ್ಸ್ಡ್ ಆಪ್ಶನ್ಸ್, ಅದ್ರೊಳಗೆ ರಿಕವರಿ ಮೋಡ್, ಆಮೇಲೆ ಬರೋ ಪಟ್ಟಿಯಲ್ಲಿ ‘ರೂಟ್’. ಪಾಸ್‌ವರ್ಡ್ ಕೇಳ್ಲೇ ಇಲ್ಲ, ಎಂಟರ್ ಒತ್ತಿದ್ ಕೂಡ್ಲೇ ರೂಟ್, ಅಂದ್ರೆ ಎಲ್ಲಾ ಅಧಿಕಾರ ಇರೋ ಯೂಸರ್ ಆಗಿ ಒಳಗೆ.

ಹಿಂದೆ ನಿಂತಿದ್ದ ಭಾವ ಇದನ್ನ ಮಾತ್ರ ಚೆನ್ನಾಗಿ ಗಮನಿಸಿದ್ರು. ‘ಹಂಗಾರೆ ಯಾರ್ ಬೇಕಾರೂ ಹಿಂಗೆ ಒಳಗ್ ಬರಬಹುದಲ್ಲೋ?’ ಬರಬಹುದು. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿಲ್ಲಾಂದ್ರೆ, ಮಶೀನ್ ಮುಂದೆ ಕೂತವನೇ ಯಜಮಾನ. ಅವತ್ತೇ ಸಂಜೆ ಅದನ್ನ ಒಳಗಿನ ರೂಮಿಗೆ ಸಾಗಿಸಿದ್ರು.

ಒಳಗೆ ಹೋದ್ಮೇಲೆ ಮೊದ್ಲು ‘ಸ್ಲ್ಯಾಶ್ ಇಟಿಸಿ ಸ್ಲ್ಯಾಶ್ ಪಾಸ್‌ಡಬ್ಲ್ಯೂಡಿ’ ಫೈಲ್ ತೆಗೆದು ನೋಡ್ದೆ. ಒಬ್ಬೊಬ್ಬ ಯೂಸರ್‌ಗೂ ಒಂದೊಂದು ಸಾಲು, ಮಧ್ಯ ಕೋಲನ್ ಹಾಕಿ ಬೇರೆ ಮಾಡಿರ್ತಾರೆ. ರೂಟ್‌ದು ನಂಬರ್ 0, ಸಿಸ್ಟಮ್ ಒಳಗಿನ ಕೆಲಸಗಾರರೆಲ್ಲ 1000ಕ್ಕಿಂತ ಕೆಳಗೆ, ‘ನೋಬಡಿ’ ಅಂತ ಒಬ್ಬ 65534. ಮನುಷ್ಯರ ಲೆಕ್ಕ 1000ದಿಂದ ಶುರು. ನಮ್ದ್ರಲ್ಲಿ 1000 ಇರ್ಲೇ ಇಲ್ಲ. ಯೂಸರ್ ಅಂದ್ರೆ ಇಷ್ಟೇನಾ ಅಂತ ಭಾವಂಗೆ ಆಶ್ಚರ್ಯ, ಇಷ್ಟೇ, ಇಲ್ಲೊಂದು ಸಾಲು, ‘ಶ್ಯಾಡೋ’ ಅನ್ನೋ ಫೈಲಲ್ಲಿ ಪಾಸ್‌ವರ್ಡಿನ ಹ್ಯಾಶ್ (ವಾಪಸ್ ಓದೋಕೆ ಬರ್ದಂಗೆ ಬದಲಾಯ್ಸಿದ ರೂಪ) ಇರೋ ಇನ್ನೊಂದು ಸಾಲು, ಗ್ರೂಪ್ ಫೈಲಲ್ಲಿ ಹೆಸರು, ಹೋಮ್ ಅಡಿಯಲ್ಲಿ ಒಂದು ಫೋಲ್ಡರ್.

ಯೂಸರ್ ಮಾಡೋಕೆ ಹೋದ್ರೆ ‘ಪಾಸ್‌ಡಬ್ಲ್ಯೂಡಿ ಫೈಲ್ ಲಾಕ್ ಮಾಡಕ್ಕಾಗಲ್ಲ, ಆಮೇಲೆ ಟ್ರೈ ಮಾಡಿ’ ಅಂತು. ಆಮೇಲೆ ಟ್ರೈ ಮಾಡಿದ್ರೂ ಅಷ್ಟೇ, ಯಾಕಂದ್ರೆ ರಿಕವರಿಯಲ್ಲಿ ಡಿಸ್ಕ್ ರೀಡ್-ಓನ್ಲಿ ಆಗಿತ್ತು. ‘ಮೌಂಟ್ ಹೈಫನ್ ಓ, ರೀಮೌಂಟ್ ಕಾಮಾ ಆರ್‌ಡಬ್ಲ್ಯೂ, ಸ್ಪೇಸ್, ಸ್ಲ್ಯಾಶ್’ ಅಂತ ಹೊಡೆದ್ರೆ ಬರೆಯೋಕೆ ಬಿಡುತ್ತೆ.

ಇಲ್ಲಿ ನಾನೊಂದು ಎಡವಟ್ಟು ಮಾಡ್ದೆ. ‘ಯೂಸರ್‌ಆಡ್’ ಅಂತ ಒಂದು ಕಮಾಂಡ್, ‘ಆಡ್‌ಯೂಸರ್’ ಅಂತ ಇನ್ನೊಂದು. ಅಣ್ಣ ತಮ್ಮ ತರ ಹೆಸರು, ಸ್ವಭಾವ ಬೇರೆ. ನಾನು ಯೂಸರ್‌ಆಡ್ ಹೊಡ್ದು, ಪಾಸ್‌ವರ್ಡ್ ಇಟ್ಟು, ರೀಬೂಟ್ ಮಾಡಿ ಲಾಗಿನ್ ಆದ್ರೆ ‘ನೋ ಡೈರೆಕ್ಟರಿ’ ಅಂತ ಹೇಳಿ ಬರೀ ಒಂದು ಡಾಲರ್ ಚಿಹ್ನೆ ತೋರಿಸ್ಕೊಂಡು ಕೂತಿದೆ. ಆ್ಯರೋ ಒತ್ತಿದ್ರೆ ಹಳೇ ಕಮಾಂಡ್ ಬರೋ ಬದ್ಲು ಏನೇನೋ ಅಕ್ಷರ. ಹೈಫನ್ ಎಂ ಹಾಕ್ಲಿಲ್ಲಾಂದ್ರೆ ಯೂಸರ್‌ಆಡ್ ಹೋಮ್ ಫೋಲ್ಡರ್ ಮಾಡಲ್ಲ, ಹೈಫನ್ ಎಸ್ ಹಾಕಿ ಹೇಳ್ಲಿಲ್ಲಾಂದ್ರೆ ಶೆಲ್ಲೂ (ಕಮಾಂಡ್ ತಗೊಳ್ಳೋ ಪ್ರೋಗ್ರಾಮ್) ಬ್ಯಾಶ್ ಅನ್ನೋ ಒಳ್ಳೇದು ಕೊಡಲ್ಲ. ಮತ್ತೆ ರಿಕವರಿ, ಮತ್ತೆ ರೀಮೌಂಟ್, ‘ಯೂಸರ್‌ಡೆಲ್’ ಹೊಡ್ದು ಅವನನ್ನ ಕಳ್ಸಿ, ಈ ಸಲ ಆಡ್‌ಯೂಸರ್.

ಇದು ಎಲ್ಲಾ ಕೇಳಿ ಕೇಳಿ ಮಾಡುತ್ತೆ. ಹೆಸರಲ್ಲಿ ದೊಡ್ಡಕ್ಷರ ಇದ್ರೆ ಒಪ್ಪಲ್ಲ, ಹಂಗಾಗಿ ‘ಸ್ಟುಡಿಯೋ’ ಅಂತ ಪೂರ್ತಿ ಸಣ್ಣಕ್ಷರದಲ್ಲಿ. ಪಾಸ್‌ವರ್ಡ್ ನೀವೇ ಹೊಡೀರಿ ಅಂತ ಭಾವನ ಕೂರ್ಸಿದ್ರೆ, ಒಂದು ಅಕ್ಷರನೂ ಕಾಣ್ಸಲ್ವಲ್ಲ, ಒಂದು ಚುಕ್ಕಿನೂ ಬರಲ್ಲ, ಕೀಬೋರ್ಡ್ ಹೋಗೇತೆ ಅಂತ ಎತ್ತಿ ಎರಡು ಸಲ ಟೇಬಲ್ಗೆ ಕುಟ್ಟಿದ್ರು. ಅದು ಹಂಗೇ ಕಣ್ರಿ, ಹೊಡೀರಿ ಅಂದೆ. ಆಮೇಲೆ ಪೂರ್ತಿ ಹೆಸರು ಕೇಳ್ತು, ರೂಮ್ ನಂಬರ್ ಕೇಳ್ತು, ಆಫೀಸ್ ಫೋನ್, ಮನೆ ಫೋನ್.

‘ರೂಮ್ ನಂಬರ್ ಯಾಕೆ? ಇದೇನ್ ಲಾಡ್ಜಾ?’

ಹಿಂದೆ ದೊಡ್ಡ ದೊಡ್ಡ ಆಫೀಸಲ್ಲಿ ನೂರಾರು ಜನ ಒಂದೇ ಕಂಪ್ಯೂಟರ್ ಹಂಚ್ಕೊಂಡು ಕೆಲಸ ಮಾಡ್ತಿದ್ದ ಕಾಲದ ಪ್ರಶ್ನೆ ಅದು, ಇನ್ನೂ ಉಳ್ಕೊಂಡಿದೆ, ಸುಮ್ನೆ ಎಂಟರ್ ಒತ್ತಿ ಅಂದೆ. ಕೇಳಿದ್ರಾ? ‘ಒಳಗಿನ ರೂಮು’ ಅಂತ ಇಂಗ್ಲಿಷಲ್ಲಿ ತುಂಬಿದ್ರು.

ಕೊನೆಗೆ ಸುಡೋ, ಅಂದ್ರೆ ರೂಟ್ ಕೆಲಸ ಮಾಡೋ ಅನುಮತಿ ಕೊಡೋಕೆ ‘ಯೂಸರ್‌ಮಾಡ್ ಹೈಫನ್ ಎ ಜಿ, ಸುಡೋ, ಸ್ಟುಡಿಯೋ’. ಎ ಸಣ್ಣದು, ಜಿ ದೊಡ್ಡದು. ಆ ಎ ಮರೀಬೇಡಿ, ಮರೆತ್ರೆ ಬೇರೆ ಗ್ರೂಪ್‌ಗಳಿಂದೆಲ್ಲ ಅವನನ್ನ ಕಿತ್ತು ಇದೊಂದಕ್ಕೇ ಹಾಕುತ್ತೆ. ಉಬುಂಟುದಲ್ಲಿ ರೂಟ್ ಪಾಸ್‌ವರ್ಡ್ ಲಾಕ್ ಆಗೇ ಇರೋದ್ರಿಂದ ಸುಡೋ ಕೊಡ್ದೆ ಬಿಟ್ರೆ ಯೂಸರ್ ಇದ್ದೂ ಏನೂ ಮಾಡಕ್ಕಾಗಲ್ಲ.

ರೀಬೂಟ್ ಮಾಡಿ ಲಾಗಿನ್ ಆಗಿ ‘ಐಡಿ’ ಅಂತ ಹೊಡೆದ್ರೆ ಯುಐಡಿ 1000, ಗ್ರೂಪಲ್ಲಿ ಸುಡೋ. ಉಳಿದಿದ್ದು ಚಿಲ್ಲರೆ ಕೆಲಸ: ‘ಡಿಪಿಕೆಜಿ ಹೈಫನ್ ಹೈಫನ್ ಕಾನ್ಫಿಗರ್ ಹೈಫನ್ ಎ’ ಹೊಡ್ದು ಅರ್ಧಕ್ಕೆ ನಿಂತ ಪ್ಯಾಕೇಜ್ ಏನಾದ್ರೂ ಇದ್ರೆ ಮುಗಿಸ್ದೆ, ‘ಹೋಸ್ಟ್‌ನೇಮ್‌ಸಿಟಿಎಲ್’ ಇಂದ ಹೆಸರು, ‘ಟೈಮ್‌ಡೇಟ್‌ಸಿಟಿಎಲ್’ ಇಂದ ಏಷ್ಯಾ ಕೋಲ್ಕತ್ತಾ ಟೈಮು. ನೆಟ್‌ವರ್ಕ್ ಸೆಟ್ಟಿಂಗೂ ಖಾಲಿ ಇತ್ತು, ನೆಟ್‌ಪ್ಲಾನ್ ಫೈಲ್ ಕೈಯಲ್ಲೇ ಬರ್ದೆ, ಅದ್ರಲ್ಲಿ ಟ್ಯಾಬ್ ಒತ್ತಿದ್ರೆ ಮುನಿಸ್ಕೊಳ್ಳುತ್ತೆ, ಸ್ಪೇಸೇ ಕೊಡ್ಬೇಕು.

ಕೊನೇಲಿ ಸಾಂಬಾ, ನೆಟ್‌ವರ್ಕಲ್ಲಿ ಫೋಲ್ಡರ್ ಹಂಚೋ ಪ್ರೋಗ್ರಾಮ್. ಸ್ಟುಡಿಯೋದ ವಿಂಡೋಸ್ ಲ್ಯಾಪ್‌ಟಾಪಿಂದ ಫೋಟೋ ಹಾಕೋಕೆ ಅದು ಬೇಕೇ ಬೇಕು. ಸಾಂಬಾ ತನ್ನ ಪಾಸ್‌ವರ್ಡ್ ಪಟ್ಟಿ ಬೇರೆನೇ ಇಟ್ಕೊಳುತ್ತೆ, ಲಿನಕ್ಸಲ್ಲಿ ಯೂಸರ್ ಇದ್ರೂ ‘ಎಸ್‌ಎಂಬಿಪಾಸ್‌ಡಬ್ಲ್ಯೂಡಿ’ ಕಮಾಂಡಲ್ಲಿ ಮತ್ತೊಂದ್ಸಲ ಸೇರಿಸ್ಬೇಕು. ಕೀಬೋರ್ಡ್ ಭಾವನ ಕಡೆ ತಳ್ಳಿ, ಪಾಸ್‌ವರ್ಡ್ ಹೊಡೀರಿ ಅಂದೆ.

‘ಮತ್ತೆ ಪಾಸ್‌ವರ್ಡಾ?’ ಅಂದ್ರು. ‘ರೂಮ್ ನಂಬರ್ ಕೇಳಲ್ವಾ ಇದು?’